ತವರಿಗೆ ಬರುವ ಬಸ್ಸುಗಳು

ತವರಿನ ಹಂಬಲವೆಂಬುದು ಹೆಣ್ಣುಮಕ್ಕಳಿಗೆ ಮಾತ್ರ ಮೀಸಲಾದದ್ದೆಂದು ಲೋಕ ತಿಳಿದಿದೆ. ಗೌರಿಹಬ್ಬ ಸಮೀಪಿಸಿತೆಂದರೆ ಬಾಗಿನದ ನೆನಪು, ಅಣ್ಣತಮ್ಮಂದಿರ ದಾರಿ ಕಾಯುವ ಕಣ್ಣು, ಹುಟ್ಟಿದೂರಿನ ಬಾವಿಯ ನೀರಿನ ರುಚಿ—ಇವು ಕನ್ನಡ ನಾಡಿನ ಪ್ರತಿಯೊಂದು ಮನೆಗೂ ಪರಿಚಿತವಾದ ಸಂಗತಿಗಳು. ಆದರೆ ತಗಡಿನ ಮೈ, ರಬ್ಬರಿನ ಕಾಲು, ಪೆಟ್ರೋಲಿನ ಉಸಿರು ಉಳ್ಳ ಬಸ್ಸುಗಳಿಗೂ ತವರೊಂದು ಇದೆಯೆಂದರೆ, ಅವೂ ನೂರಾರು ಮೈಲಿ ಸವೆಸಿ ಹುಟ್ಟಿದ ಊರಿಗೆ ಬರುತ್ತವೆಯೆಂದರೆ, ಕೇಳಿದವರು ಮೊದಲು ನಕ್ಕಾರು. ಅಂತಹ ಊರೊಂದು ಅಮೆರಿಕ ಸಂಯುಕ್ತ ಸಂಸ್ಥಾನದ ಓಹಿಯೋ ಪ್ರಾಂತದಲ್ಲಿದೆ. ಅದರ ಹೆಸರು ಲೌಡನ್‌ವಿಲ್.

ಎರಡು ವರ್ಷಗಳಿಗೊಮ್ಮೆ ನಡುಬೇಸಿಗೆಯಲ್ಲಿ ಈ ಪುಟ್ಟ ಊರಿನ ಬೀದಿಗಳಿಗೆ ಹಳೆಯ ಬಸ್ಸುಗಳು ಒಂದರ ಹಿಂದೊಂದು ಬಂದಿಳಿಯುವ ಪದ್ಧತಿ ಬೆಳೆದುಬಂದಿದೆ. ದುಂಡನೆಯ ಮೂತಿ, ಹಿಂದಕ್ಕೆ ಇಳಿಜಾರಾಗಿ ಹರಿಯುವ ಬೆನ್ನು, ಬೆನ್ನಿನ ಮೇಲೆ ಬಾಯ್ದೆರೆದ ಒಂದು ಗಾಳಿಗೂಡು, ಎರಡು ಬಣ್ಣಗಳ ಹೊಳಪು. ಹಣೆಯ ಮೇಲಿನ ಫಲಕದಲ್ಲಿ ಹಿಂದೆ ಊರುಗಳ ಹೆಸರಿದ್ದ ಸ್ಥಳದಲ್ಲಿ ಈಗ ಮಾಲೀಕನ ಮನಸ್ಸಿಗೆ ಬಂದ ಮಾತು. ಈ ಬಸ್ಸುಗಳಲ್ಲಿ ಟಿಕೆಟ್ಟು ಕೊಂಡು ಕುಳಿತ ಪ್ರಯಾಣಿಕರಿಲ್ಲ. ಒಳಗೆ ಇಣುಕಿದರೆ ಸಾಲು ಆಸನಗಳ ಬದಲು ಅಡಿಗೆಯ ಒಲೆ, ಮಡಚುವ ಮೇಜು, ಪುಸ್ತಕದ ಗೂಡು, ಹಿಂಬದಿಯಲ್ಲಿ ಹಾಸಿಗೆ, ಕಿಟಕಿಗೆ ಹೂವಿನ ಪರದೆ. ಬಸ್ಸು ಮನೆಯಾಗಿದೆ, ಮನೆ ತನ್ನ ತವರಿಗೆ ಬಂದಿದೆ.

ಹೊಳೆಯ ದಂಡೆಯ ಊರು

ಕ್ಲೀವ್‌ಲ್ಯಾಂಡ್ ಮತ್ತು ಕೊಲಂಬಸ್ ಎಂಬ ಎರಡು ಮಹಾನಗರಗಳ ನಡುವೆ, ಗುಡ್ಡಗಳು ಏಳತೊಡಗುವ ಸೀಮೆಯಲ್ಲಿ ಲೌಡನ್‌ವಿಲ್ ಇದೆ. 1814ರಲ್ಲಿ ನೆಲೆಗೊಂಡ ಈ ಊರಿನ ಜನಸಂಖ್ಯೆ ಇಂದಿಗೂ ಮೂರು ಸಾವಿರವನ್ನು ಮುಟ್ಟಿಲ್ಲ. ಮೊಹಿಕನ್ ನದಿಯ ಕವಲೊಂದು ಊರಿನ ಬದಿಯಲ್ಲೇ ಹರಿಯುತ್ತದೆ. ಬೇಸಿಗೆಯಲ್ಲಿ ಪಟ್ಟಣವಾಸಿಗಳು ಸಂಸಾರ ಸಮೇತರಾಗಿ ಬಂದು ಹಗುರವಾದ ದೋಣಿಗಳಲ್ಲಿ ಹುಟ್ಟು ಹಾಕುತ್ತ ಈ ಹೊಳೆಯಲ್ಲಿ ತೇಲುತ್ತಾರೆ. ಪಕ್ಕದ ಹೋಮ್ಸ್ ಜಿಲ್ಲೆಯಲ್ಲಿ ಆಮಿಷ್ ಎಂಬ ಪಂಥದ ಜನ ದೊಡ್ಡ ಸಂಖ್ಯೆಯಲ್ಲಿ ನೆಲೆಸಿದ್ದಾರೆ. ಮೋಟಾರು ವಾಹನಗಳನ್ನು ಇಟ್ಟುಕೊಳ್ಳದೆ, ಕುದುರೆ ಹೂಡಿದ ಕರಿಯ ಸಾರೋಟುಗಳಲ್ಲೇ ಓಡಾಡುವ ಜನ ಅವರು. ಬಸ್ಸು ತಯಾರಿಸುವ ಕಾರ್ಖಾನೆಯೊಂದು ಕುದುರೆಬಂಡಿಗಳ ಇಂತಹ ಸೀಮೆಯ ಮಗ್ಗುಲಲ್ಲೇ ಬೆಳೆಯಿತೆಂಬುದು ಒಂದು ಸ್ವಾರಸ್ಯ.

ಮ್ಯಾನ್ಸ್‌ಫೀಲ್ಡ್ ನಗರದಿಂದ ಲೌಡನ್‌ವಿಲ್ಲಿಗೆ ಬರುವ ಯಾತ್ರಿಕನಿಗೆ ದಾರಿಯ ಆಸುಪಾಸಿನಲ್ಲಿ ಇನ್ನೊಂದು ಅಚ್ಚರಿ ಕಾದಿರುತ್ತದೆ. 'ಮಲಬಾರ್ ಫಾರ್ಮ್' ಎಂಬ ಫಲಕ! ಪಡುವಲ ಕಡಲ ಕರಾವಳಿಯ ಹೆಸರು ಓಹಿಯೋದ ಜೋಳದ ಹೊಲಗಳ ನಡುವೆ ಬಂದುದು ಹೇಗೆ? ಲೂಯಿ ಬ್ರಾಮ್‌ಫೀಲ್ಡ್ ಎಂಬ ಕಾದಂಬರಿಕಾರರು 1930ರ ದಶಕದಲ್ಲಿ ಭಾರತವನ್ನು ಸಂದರ್ಶಿಸಿ, ಇಲ್ಲಿನ ಜೀವನವನ್ನು ವಸ್ತುವಾಗಿಸಿಕೊಂಡು ಕಾದಂಬರಿಗಳನ್ನು ಬರೆದರು. 1937ರಲ್ಲಿ ಪ್ರಕಟವಾದ 'ದಿ ರೇನ್ಸ್ ಕೇಮ್' ಅವುಗಳಲ್ಲಿ ಪ್ರಸಿದ್ಧವಾದುದು. ಅವುಗಳಿಂದ ಬಂದ ಹಣ ನೆರವಾಗಿ ಹುಟ್ಟೂರಿನ ಬಳಿ ಜಮೀನು ಕೊಂಡಾಗ, ಕೃತಜ್ಞತೆಯಿಂದ ಅದಕ್ಕೆ ಮಲಬಾರಿನ ಹೆಸರಿಟ್ಟರು. ಸವೆದ ಮಣ್ಣಿಗೆ ಮತ್ತೆ ಸಾರ ತುಂಬುವ ಪ್ರಯೋಗಗಳಿಗೆ ಆ ಹೊಲ ಹೆಸರಾಯಿತು. ಈಗ ಅದು ಸರಕಾರದ ಉದ್ಯಾನ. ಸವೆದುಹೋದದ್ದಕ್ಕೆ ಮತ್ತೆ ಜೀವ ಕೊಡುವ ಹಟ ಈ ಸೀಮೆಯ ಗಾಳಿಯಲ್ಲೇ ಇದೆಯೋ ಏನೋ!

ಕಳೆದುಹೋದ ಅಕ್ಷರ

ಕಥೆ ಆರಂಭವಾದದ್ದು ಬಸ್ಸಿನಿಂದಲ್ಲ, ಮೋಟಾರು ಸೈಕಲ್ಲಿನಿಂದ. ಮ್ಯಾನ್ಸ್‌ಫೀಲ್ಡಿನಲ್ಲಿ ಮೋಟಾರು ಸೈಕಲ್ಲುಗಳನ್ನು ಮಾರುತ್ತಿದ್ದ ಹ್ಯೂಗೋ ಯಂಗ್ ಎಂಬುವರು, ಅದರ ಪಕ್ಕಕ್ಕೆ ಜೋಡಿಸುವ ತೊಟ್ಟಿಲಿನಂತಹ ಆಸನಬಂಡಿಯ ದೋಷವೊಂದನ್ನು ಗಮನಿಸಿದರು. ತಿರುವಿನಲ್ಲಿ ಮೋಟಾರು ಸೈಕಲ್ಲು ಬಾಗಬೇಕು. ಬಿಗಿಯಾಗಿ ಬೆಸೆದ ಪಕ್ಕದ ಬಂಡಿ ಅದನ್ನು ಬಾಗಗೊಡದು. ಯಂಗ್ ಅವರು ಬಂಡಿಯ ಚಕ್ರವೂ ಜೊತೆಗೇ ಬಾಗುವಂತಹ ಬಳುಕುವ ಜೋಡಣೆಯನ್ನು ಕಂಡುಹಿಡಿದರು. ಬಳುಕುವುದಕ್ಕೆ ಆಂಗ್ಲರು 'ಫ್ಲೆಕ್ಸಿಬಲ್' ಎನ್ನುತ್ತಾರಷ್ಟೆ. 1913ರಲ್ಲಿ ಆ ಹೆಸರಿನಿಂದಲೇ ಕಂಪನಿ ಹುಟ್ಟಿ, ಕೆಲಕಾಲದಲ್ಲೇ ಲೌಡನ್‌ವಿಲ್ಲಿಗೆ ಬಂದು ನೆಲೆಯೂರಿತು.

ನಿಘಂಟಿನ ಸಾಮಾನ್ಯ ಶಬ್ದವೊಂದನ್ನು ವ್ಯಾಪಾರದ ಮುದ್ರೆಯಾಗಿ ನೋಂದಾಯಿಸುವುದು ಕಷ್ಟ. ಇದಕ್ಕೆ ಕಂಪನಿ 1919ರಲ್ಲಿ ಸುಲಭವಾದ ಉಪಾಯ ಕಂಡುಕೊಂಡಿತು. ಆಂಗ್ಲ ಲಿಪಿಯಲ್ಲಿ ಬರೆಯುವಾಗ ಮೊದಲ 'ಇ' ಅಕ್ಷರವನ್ನು ಕಿತ್ತುಹಾಕಿತು! ಕನ್ನಡದಲ್ಲಿ ಬರೆದರೆ ಈ ಲೋಪ ಕಾಣುವುದೇ ಇಲ್ಲ. ಉಚ್ಚಾರಣೆ ಹಾಗೆಯೇ ಉಳಿಯಿತು. ಆದರೆ ಆಂಗ್ಲ ಬಲ್ಲವರು ಆ ಬಸ್ಸಿನ ಹಣೆಪಟ್ಟಿಯನ್ನು ಓದಿ, ಬರೆದವನು ತಪ್ಪಿದನೆಂದು ಇಂದಿಗೂ ಮುಗುಳ್ನಗುತ್ತಾರೆ.

ಇದೇ ಊರಿನ ಬಳಿಯ ಹೊಲಮನೆಯಲ್ಲಿ 1876ರಲ್ಲಿ ಹುಟ್ಟಿದ ಚಾರ್ಲ್ಸ್ ಕೆಟರಿಂಗ್ ಎಂಬ ಮೇಧಾವಿಯ ನೆರವು ಕಂಪನಿಗೆ ದೊರೆಯಿತು. ಕೈಯಿಂದ ಹಿಡಿ ತಿರುವಿ ಇಂಜಿನು ಚಾಲೂ ಮಾಡುತ್ತಿದ್ದ ಕಾಲದಲ್ಲಿ, ಗುಂಡಿಯೊತ್ತಿದೊಡನೆ ಅದು ಎಚ್ಚರಗೊಳ್ಳುವಂತೆ ವಿದ್ಯುತ್ ಸಾಧನವನ್ನು ರೂಪಿಸಿದವರು ಇವರೇ. 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಬಳಕೆಗೆ ಬಂತು. ಮುಂದೆ ಜನರಲ್ ಮೋಟಾರ್ಸ್ ಸಂಸ್ಥೆಯ ಸಂಶೋಧನಾ ವಿಭಾಗದ ಮುಖ್ಯಸ್ಥರಾಗಿ ಜಗದ್ವಿಖ್ಯಾತರಾದರೂ, 1958ರಲ್ಲಿ ತೀರಿಕೊಳ್ಳುವವರೆಗೆ ತಮ್ಮ ಹುಟ್ಟೂರಿನ ಈ ಪುಟ್ಟ ಕಂಪನಿಯ ನಂಟನ್ನು ಅವರು ಬಿಡಲಿಲ್ಲ.

1920ರ ದಶಕದಲ್ಲಿ ಕಾರುಗಳ ಬೆಲೆ ಇಳಿದಾಗ ಪಕ್ಕಬಂಡಿಗಳನ್ನು ಕೊಳ್ಳುವವರಿಲ್ಲದಾದರು. ಕಂಪನಿ ಎದೆಗುಂದಲಿಲ್ಲ. 1924ರಿಂದ ಶವವಾಹನ, ರೋಗಿಗಳ ವಾಹನ, ಊರಿಂದೂರಿಗೆ ಓಡುವ ಬಸ್ಸು—ಈ ಮೂರನ್ನೂ ತಯಾರಿಸತೊಡಗಿತು. ಮೂರರಲ್ಲಿ ಬಸ್ಸಿಗೇ ಯಶಸ್ಸು ಒಲಿಯಿತು. 1930ರ ದಶಕದ ಕೊನೆಯಲ್ಲಿ ಹೊರಬಿದ್ದ 'ಕ್ಲಿಪ್ಪರ್' ಮಾದರಿ ಇಡೀ ದೇಶದ ಸಣ್ಣ ಊರುಗಳ ರಸ್ತೆಗಳಲ್ಲಿ ಪರಿಚಿತ ಮುಖವಾಯಿತು. 1947ರ ಕ್ಲಿಪ್ಪರಿನಲ್ಲಿ 29 ಆಸನಗಳು. ಬ್ಯೂಯಿಕ್ ಕಂಪನಿಯ ಎಂಟು ಸಿಲಿಂಡರುಗಳ ಇಂಜಿನು. ಆ ಇಂಜಿನು ಇದ್ದುದು ಮುಂದೆ ಅಲ್ಲ, ಹಿಂದೆ. ಹಿಂಬದಿಯ ಇಂಜಿನಿಗೆ ತಂಪು ಗಾಳಿ ಒದಗಬೇಕಷ್ಟೆ? ಬೆನ್ನಿನ ಮೇಲಿನ ಬಾಯ್ದೆರೆದ ಗಾಳಿಗೂಡು ಅದಕ್ಕಾಗಿಯೇ ಹುಟ್ಟಿದ್ದು. ಅಲಂಕಾರವೆಂದು ಕಾಣುವುದು ವಾಸ್ತವದಲ್ಲಿ ಆ ಬಸ್ಸಿನ ಮೂಗು.

ಎರಡನೆಯ ಬಾಳು

ಬಸ್ಸಿನ ಆಯುಷ್ಯ ಮನುಷ್ಯನ ಆಯುಷ್ಯಕ್ಕಿಂತ ಬಲು ಕಿರಿದು. ಲಕ್ಷಾಂತರ ಮೈಲಿ ಓಡಿದ ಮೇಲೆ ದೊಡ್ಡ ಕಂಪನಿಗಳು ಅದನ್ನು ಸಣ್ಣ ಕಂಪನಿಗಳಿಗೆ ಮಾರುತ್ತವೆ, ಸಣ್ಣವು ಸವೆಸಿದ ಮೇಲೆ ಶಾಲೆಗೋ, ಇಗರ್ಜಿಗೋ, ಊರೂರು ಸುತ್ತುವ ಹಾಡುಗಾರರ ತಂಡಕ್ಕೋ ಕೊಡುತ್ತವೆ, ಕಡೆಗೆ ಗುಜರಿಯಂಗಳ. ಇಂದು ಉಳಿದಿರುವ ಕ್ಲಿಪ್ಪರುಗಳಲ್ಲಿ ಅನೇಕವು ಬದುಕಿ ಬಂದುದು, ಈ ಇಳಿಜಾರಿನ ಯಾವುದೋ ಒಂದು ತಿರುವಿನಲ್ಲಿ 'ಇದು ನಮ್ಮ ಮನೆಯಾಗಬಹುದಲ್ಲ!' ಎಂದು ಯಾರೋ ಒಬ್ಬರಿಗೆ ತೋರಿದ್ದರಿಂದ.

ಇಂದು ಮೋಟಾರು ಮನೆಗಳನ್ನು ಕಾರ್ಖಾನೆಗಳೇ ಸಾವಿರಗಟ್ಟಲೆ ತಯಾರಿಸುತ್ತವೆ. ಅಯೋವ ಪ್ರಾಂತದ ವಿನಿಬೇಗೋ ಕಂಪನಿ 1966ರಲ್ಲಿ ಅವನ್ನು ಸಾಲುಸಾಲಾಗಿ ತಯಾರಿಸತೊಡಗಿದ ಮೇಲೆ ಬೆಲೆ ಸಾಮಾನ್ಯರ ಕೈಗೆಟುಕಿತು. ಅದಕ್ಕೆ ಮೊದಲು ಚಲಿಸುವ ಮನೆ ಬೇಕೆಂದವನು ಹೆಚ್ಚಾಗಿ ತಾನೇ ಹಳೆಯ ಬಸ್ಸೊಂದನ್ನು ಕೊಂಡು, ತಾನೇ ಬಡಗಿಯೂ ಕಮ್ಮಾರನೂ ಕೊಳಾಯಿಯವನೂ ಆಗಬೇಕಾಗಿತ್ತು. ಅಂತಹ ಸಂಸಾರಗಳು ಒಂದುಗೂಡಿದ ಸಂದರ್ಭವೂ ರಮ್ಯವಾದುದೇ. 1963ರ ಜುಲೈ 20ರಂದು ಮೇಯ್ನ್ ಪ್ರಾಂತದ ಹಿಂಕ್ಲಿ ಎಂಬಲ್ಲಿ ಸಂಪೂರ್ಣ ಸೂರ್ಯಗ್ರಹಣವನ್ನು ನೋಡಲೆಂದು 26 ಕುಟುಂಬಗಳು ತಮ್ಮ ತಮ್ಮ ಚಲಿಸುವ ಮನೆಗಳಲ್ಲಿ ಬಂದು ಸೇರಿದವು. ಇಳಿಹಗಲಿನಲ್ಲಿ ಕವಿದ ಕತ್ತಲೆ ಕಳೆದು ಮತ್ತೆ ಬೆಳಕು ಮೂಡುವಷ್ಟರಲ್ಲಿ ಅವರ ನಡುವೆ ಸಂಘವೊಂದು ಹುಟ್ಟಿತ್ತು. 'ಫ್ಯಾಮಿಲಿ ಮೋಟರ್ ಕೋಚ್ ಅಸೋಸಿಯೇಷನ್' ಎಂಬ ಆ ಸಂಘ ಮುಂದೆ ಓಹಿಯೋದ ಸಿನ್ಸಿನಾಟಿಯನ್ನೇ ಕೇಂದ್ರವಾಗಿ ಮಾಡಿಕೊಂಡು ದೇಶವ್ಯಾಪಿಯಾಗಿ ಬೆಳೆಯಿತು. ಗ್ರಹಣಕಾಲದಲ್ಲಿ ಹೊಸ ಕೆಲಸ ಕೂಡದೆನ್ನುವ ಹಿರಿಯರು ಇದಕ್ಕೆ ಏನೆನ್ನುವರೋ!

ಫ್ಲೆಕ್ಸಿಬಲ್ ಬಸ್ಸುಗಳಷ್ಟೇ ಮನೆಗಳಾದವೆಂದಲ್ಲ. ಗ್ರೇಹೌಂಡ್ ಕಂಪನಿಗಾಗಿ 1954ರಿಂದ 1956ರವರೆಗೆ ತಯಾರಾದ 1001 'ಸೀನಿಕ್ರೂಸರ್' ಬಸ್ಸುಗಳಲ್ಲಿ ಹಲವು ಇದೇ ದಾರಿ ಹಿಡಿದವು. ಆದರೂ ದುಂಡುಮೈಯ ಕ್ಲಿಪ್ಪರಿನ ಚೆಲುವೇ ಬೇರೆ. 2006ರಲ್ಲಿ ತೆರೆಕಂಡ 'ಆರ್.ವಿ.' ಎಂಬ ಹಾಸ್ಯಚಿತ್ರದಲ್ಲಿ, ಸದಾ ರಸ್ತೆಯ ಮೇಲೆಯೇ ಬಾಳುವ ಹಾಡುಗಾರ ಕುಟುಂಬವೊಂದರ ಮನೆಯಾಗಿ ಕಾಣಿಸಿಕೊಂಡದ್ದು ಅದೇ.

ತುಕ್ಕಿನ ಲೆಕ್ಕ

ಹಳೆಯ ಬಸ್ಸನ್ನು ಮನೆಯಾಗಿಸುವುದು ದೂರದಿಂದ ನೋಡುವವನಿಗೆ ವಿನೋದ, ಕೈಹಚ್ಚಿದವನಿಗೆ ತಪಸ್ಸು. ಮೊದಲ ಶತ್ರು ತುಕ್ಕು. ಉತ್ತರದ ಪ್ರಾಂತಗಳಲ್ಲಿ ಚಳಿಗಾಲದ ಹಿಮ ಕರಗಲೆಂದು ರಸ್ತೆಗಳ ಮೇಲೆ ಉಪ್ಪನ್ನು ಚೆಲ್ಲುತ್ತಾರೆ. ಆ ಉಪ್ಪುನೀರು ಬಸ್ಸಿನ ಹೊಟ್ಟೆಯಡಿ ಸೇರಿ ಉಕ್ಕಿನ ಎಲುಬುಗಳನ್ನು ಗೆದ್ದಲಿನಂತೆ ತಿನ್ನುತ್ತದೆ. ಮೇಲಿನಿಂದ ಮತ್ತೊಂದು ದಾಳಿ: ಕಿಟಕಿಗಳ ಸುತ್ತಲಿನ ರಬ್ಬರು ಒಣಗಿ ಬಿರಿದಲ್ಲಿ ಮಳೆನೀರು ಗೋಡೆಯೊಳಕ್ಕೆ ಇಳಿದು, ಕಾಣದ ಜಾಗದಲ್ಲಿ ನಿಂತಿರುತ್ತದೆ. ಆದುದರಿಂದ ಅನುಭವಸ್ಥರು ಬಣ್ಣವನ್ನು ನೋಡಿ ಬಸ್ಸು ಕೊಳ್ಳುವುದಿಲ್ಲ; ನೆಲದ ಮೇಲೆ ಅಂಗಾತ ಮಲಗಿ, ದೀಪ ಹಿಡಿದು, ಸುತ್ತಿಗೆಯಿಂದ ತಟ್ಟಿ ನೋಡುತ್ತಾರೆ. ಒಳ್ಳೆಯ ಉಕ್ಕು ಗಂಟೆಯಂತೆ ನುಡಿಯುತ್ತದೆ. ತಿಂದುಹೋದದ್ದು ಮಡಕೆಯ ಬೋಕಿಯಂತೆ ಮಂಕಾಗಿ ಸದ್ದು ಮಾಡುತ್ತದೆ.

ಎರಡನೆಯದು ಭಾರದ ಲೆಕ್ಕ. 29 ಮಂದಿ ಪ್ರಯಾಣಿಕರು ತಲಾ 70 ಕಿಲೋ ತೂಗುತ್ತಾರೆಂದು ಹಿಡಿದರೆ ಬಸ್ಸು ಎರಡು ಸಾವಿರ ಕಿಲೋಗಳಿಗೂ ಹೆಚ್ಚು ಜನಭಾರವನ್ನು ಹೊರಲು ಹುಟ್ಟಿದ್ದು. ಅವರೆಲ್ಲ ಇಳಿದುಹೋದ ಮೇಲೆ ಅಷ್ಟು ಭಾರವನ್ನು ಗೃಹಸ್ಥನು ತನ್ನ ಸಂಸಾರಕ್ಕೆ ಬಳಸಿಕೊಳ್ಳಬಹುದು. ಆದರೆ ಸಂಸಾರದ ಭಾರ ಯಾವಾಗಲೂ ಎಣಿಸಿದ್ದಕ್ಕಿಂತ ಹೆಚ್ಚೇ! ನಾನೂರು ಲೀಟರು ನೀರೆಂದರೆ ನಾನೂರು ಕಿಲೋ. ಬ್ಯಾಟರಿಗಳು, ಶೀತಪೆಟ್ಟಿಗೆ, ಮರದ ಕಪಾಟುಗಳು, ಅನಿಲದ ಉರುಳೆ ಒಂದೊಂದೂ ತನ್ನ ಪಾಲನ್ನು ಕೇಳುತ್ತದೆ. ಪ್ರಯಾಣಿಕರಾದರೋ ಉದ್ದಕ್ಕೂ ಸಮನಾಗಿ ಹಂಚಿಕೊಂಡು ಕುಳಿತಿರುತ್ತಿದ್ದರು. ನೀರಿನ ತೊಟ್ಟಿ ಒಂದೇ ಕಡೆ ಕುಳಿತಿರುತ್ತದೆ. ಅದನ್ನು ಒಂದು ಮಗ್ಗುಲಿಗೆ ಇಟ್ಟರೆ ಬಸ್ಸು ವಾಲುತ್ತದೆ. ತೀರ ಹಿಂದಿಟ್ಟರೆ ಮೊದಲೇ ಇಂಜಿನು ಹೊತ್ತ ಹಿಂಭಾಗ ಬಳಲಿ, ಮುಂದಿನ ಚಕ್ರಗಳ ಹಿಡಿತ ಸಡಿಲಾಗುತ್ತದೆ. ಎಡಕ್ಕೆ ಒಲೆಯಾದರೆ ಬಲಕ್ಕೆ ಸ್ನಾನದ ಗೂಡು, ಎರಡೂ ಅಚ್ಚುಗಳ ನಡುವೆ ನೀರು: ಹೀಗೆ ತೂಗಿ ತೂಗಿ ಮನೆ ಕಟ್ಟಬೇಕು. ಸುಮಾರು ಎಂಟಡಿ ಅಗಲದ ಈ ಮನೆಯಲ್ಲಿ ವಾಸ್ತುಶಾಸ್ತ್ರವನ್ನು ಬರೆಯುವುದು ತಕ್ಕಡಿ.

ಮೂರನೆಯದು ಇಂಜಿನಿನ ಪ್ರಶ್ನೆ. ಹಳೆಯ ಬ್ಯೂಯಿಕ್ ಇಂಜಿನಿನ ಸದ್ದು ಇಂಪಾದದ್ದು. ಆದರೆ ಅದರ ಪೆಟ್ರೋಲಿನ ದಾಹ ದೊಡ್ಡದು, ಬಿಡಿಭಾಗಗಳು ದುರ್ಲಭ. ಹಲವರು ಅದನ್ನು ತೆಗೆದು ಡೀಸೆಲ್ ಇಂಜಿನನ್ನು ಕೂರಿಸಿದ್ದಾರೆ. ಜನರಲ್ ಮೋಟಾರ್ಸ್ ಸಂಸ್ಥೆ ತನ್ನ ಹೆಸರಾಂತ ಎರಡು ಹೊಡೆತದ ಡೀಸೆಲ್ ಇಂಜಿನುಗಳನ್ನು ಅಭಿವೃದ್ಧಿಗೊಳಿಸಿದ್ದು ಕೆಟರಿಂಗ್ ಅವರ ಮುಂದಾಳುತನದಲ್ಲಿಯೇ. ಆ ಕುಲದ ಇಂಜಿನೊಂದು ಕ್ಲಿಪ್ಪರಿನ ಗರ್ಭ ಸೇರಿದಾಗ ಹೊರಗಿನವರು ಒಳಬಂದರೆಂದು ಹೇಳುವುದು ಕಷ್ಟ, ಅದೂ ದಾಯಾದಿಯೇ.

ಇನ್ನು ಓಡಿಸುವ ಕಲೆ. ಹಳೆಯ ಗೇರುಪೆಟ್ಟಿಗೆ ಇಂದಿನ ಕಾರುಗಳದರಂತೆ ವಿಧೇಯವಲ್ಲ. ಒಂದು ಗೇರಿನಿಂದ ಇನ್ನೊಂದಕ್ಕೆ ಹೋಗುವಾಗ ಕ್ಲಚ್ಚನ್ನು ಎರಡು ಸಲ ತುಳಿದು, ನಡುವೆ ಇಂಜಿನಿನ ವೇಗವನ್ನು ಹದಕ್ಕೆ ತಂದು, ಹಲ್ಲು ಹಲ್ಲಿಗೆ ಕೂಡುವ ಕ್ಷಣವನ್ನು ಹಿಡಿಯಬೇಕು. ಇಂಜಿನು ಇರುವುದು ಬೆನ್ನ ಹಿಂದೆ, ಬಹುದೂರದಲ್ಲಿ. ಅದರ ಸದ್ದು ಚಾಲಕನಿಗೆ ಪಿಸುಮಾತಿನಂತೆ ಕೇಳಿಸುತ್ತದೆ. ಆ ಪಿಸುಮಾತನ್ನು ಕೇಳಬಲ್ಲವನಿಗೆ ಬಸ್ಸು ಒಲಿಯುತ್ತದೆ. ಕೇಳಲಾರದವನಿಗೆ ಹಲ್ಲು ಕಡಿದು ಬಯ್ಯುತ್ತದೆ!

ಉಳಿಸುವುದೇ, ಬಾಳಿಸುವುದೇ?

ಹಳೆಯ ಬಸ್ಸನ್ನು ಪ್ರೀತಿಸುವವರಲ್ಲಿ ಎರಡು ಪಂಗಡಗಳಿವೆ. ಮೂಲದಲ್ಲಿ ಹೇಗಿತ್ತೋ ಹಾಗೆಯೇ ಇರಬೇಕು, ಒಂದು ಆಸನವನ್ನೂ ಕದಲಿಸಬಾರದೆನ್ನುವವರು ಒಂದು ಕಡೆ. ಬಳಕೆಗೆ ಬಾರದ ವಸ್ತು ಸತ್ತಂತೆಯೇ, ಆದುದರಿಂದ ಅದನ್ನು ಮನೆಯಾಗಿಸಿ ಬಾಳಿಸಬೇಕೆನ್ನುವವರು ಇನ್ನೊಂದು ಕಡೆ. ಈ ವಾದ ಕೇವಲ ಹವ್ಯಾಸಿಗಳ ಹರಟೆಯೆಂದು ಯಾರಾದರೂ ಭಾವಿಸಿದರೆ, ಅವರು ಇನ್ನೊಂದು ಬಸ್ಸಿನ ಕಥೆಯನ್ನು ಕೇಳಬೇಕು.

1955ರ ಡಿಸೆಂಬರ್ 1ರ ಸಂಜೆ ಅಲಬಾಮ ಪ್ರಾಂತದ ಮಾಂಟ್‌ಗೊಮರಿ ನಗರದಲ್ಲಿ, ಬಿಳಿಯನೊಬ್ಬನಿಗೆ ಆಸನ ಬಿಟ್ಟುಕೊಡಲು ರೋಸಾ ಪಾರ್ಕ್ಸ್ ಎಂಬ ಕರಿಯ ಮಹಿಳೆ ಒಪ್ಪಲಿಲ್ಲ. ಆಕೆ ಬಂಧಿತಳಾದಳು. ಅದರ ಫಲವಾಗಿ ಕರಿಯ ಜನ 381 ದಿನಗಳ ಕಾಲ ಬಸ್ಸುಗಳನ್ನು ಬಹಿಷ್ಕರಿಸಿ, ಕಾಲ್ನಡಿಗೆಯಿಂದಲೇ ನ್ಯಾಯವನ್ನು ಗೆದ್ದರು. ಆ ಬಸ್ಸು—ಜನರಲ್ ಮೋಟಾರ್ಸ್ 1948ರಲ್ಲಿ ತಯಾರಿಸಿದ್ದು, ಸಂಖ್ಯೆ 2857—ನಿವೃತ್ತಿಯಾದ ಮೇಲೆ ಸುಮಾರು ಮೂವತ್ತು ವರ್ಷ ಹೊಲವೊಂದರಲ್ಲಿ ನಿಂತಿತ್ತು. ಅದರೊಳಗೆ ಮರಮುಟ್ಟು, ಉಪಕರಣಗಳನ್ನು ತುಂಬಿಸಿಡಲಾಗಿತ್ತು. 2001ರಲ್ಲಿ ಡಿಯರ್‌ಬಾರ್ನಿನ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯ ಅದನ್ನು 4,92,000 ಡಾಲರುಗಳಿಗೆ ಹರಾಜಿನಲ್ಲಿ ಕೊಂಡು, 1955ರಲ್ಲಿ ಇದ್ದಂತೆಯೇ ಸಿದ್ಧಗೊಳಿಸಿ, 2003ರಲ್ಲಿ ಜನರ ಮುಂದಿಟ್ಟಿತು. ಒಂದು ವೇಳೆ ಯಾರೋ ಒಬ್ಬ ಉತ್ಸಾಹಿ ಆ ಬಸ್ಸನ್ನು ಕೊಂಡು, ಆಸನಗಳನ್ನು ಕಿತ್ತೊಗೆದು, ಆ ಸ್ಥಳದಲ್ಲಿ ಒಲೆಯನ್ನು ಕೂರಿಸಿದ್ದರೆ? ಇಂದು ಶಾಲೆಯ ಮಕ್ಕಳು ಆ ಬಸ್ಸನ್ನು ಏರಿ ಕುಳಿತು ಇತಿಹಾಸವನ್ನು ಮೈಯಲ್ಲಿ ಅರಿಯುವಂತಿಲ್ಲದೆ ಹೋಗುತ್ತಿತ್ತು. ಕೆಲವು ಬಸ್ಸುಗಳಲ್ಲಿ ಆಸನವೇ ಎಲ್ಲವೂ.

ಆದರೆ ಎಲ್ಲ ಬಸ್ಸುಗಳಿಗೂ ಇಂತಹ ಭಾಗ್ಯವಿಲ್ಲ. ವಸ್ತುಸಂಗ್ರಹಾಲಯಗಳ ಚಾವಣಿ ಎಷ್ಟೇ ವಿಶಾಲವಾಗಿರಲಿ, ಅಳಿದುಳಿದ ಬಸ್ಸುಗಳಿಗೆಲ್ಲ ಅಲ್ಲಿ ನೆರಳು ಸಿಗದು. ಖಾಲಿ ಆಸನಗಳ ಬಸ್ಸನ್ನು ವರ್ಷಾನುಗಟ್ಟಲೆ ಸಾಕುವ ಶಕ್ತಿ ಸಾಮಾನ್ಯ ಸಂಸಾರಕ್ಕೂ ಇರುವುದಿಲ್ಲ. ಮನೆಯಾದ ಬಸ್ಸಿನ ಸ್ಥಿತಿ ಬೇರೆ. ಅದರಲ್ಲಿ ಮಲಗುವವರಿಗೆ ಚಾವಣಿಯ ಸಣ್ಣ ತೂತು ಕೂಡ ಅಂದಿನ ರಾತ್ರಿಯೇ ತಿಳಿಯುತ್ತದೆ, ಮರುದಿನವೇ ಮುಚ್ಚಲ್ಪಡುತ್ತದೆ. ವಾಸವಿರುವ ಮನೆ ಕುಸಿಯದು, ಬೀಗ ಹಾಕಿದ ಮನೆ ನಿಲ್ಲದು ಎಂಬ ಹಿರಿಯರ ಅನುಭವ ಬಸ್ಸಿಗೂ ಸಲ್ಲುತ್ತದೆ. ಆದುದರಿಂದಲೇ ವಿವೇಕಿಗಳು ಮಧ್ಯಮಾರ್ಗವೊಂದನ್ನು ಹಿಡಿಯುತ್ತಾರೆ. ಹೊರಮೈಯನ್ನು ಮೂಲದಂತೆಯೇ ಉಳಿಸಿ, ಕಿಟಕಿಗಳನ್ನು ತಗಡು ಹೊಡೆದು ಮುಚ್ಚದೆ, ಕಿತ್ತ ಆಸನಗಳಲ್ಲಿ ಒಂದೆರಡನ್ನಾದರೂ ಮುಂಭಾಗದಲ್ಲಿ ಕೂರಿಸಿ, ಹೊಸದಾಗಿ ಸೇರಿಸಿದ್ದನ್ನೆಲ್ಲ ಮುಂದೊಂದು ದಿನ ಗಾಯವಾಗದಂತೆ ಬಿಚ್ಚಿ ತೆಗೆಯಲು ಬರುವ ಹಾಗೆ ತಿರುಪುಮೊಳೆಗಳಿಂದ ಬಿಗಿಯುತ್ತಾರೆ. ಮುಂದಿನವನು ಬಸ್ಸನ್ನು ಮರಳಿ ಬಸ್ಸಾಗಿಸಲು ಬಯಸಿದರೆ ಅವನ ದಾರಿ ತೆರೆದಿರಬೇಕೆಂಬುದು ಅವರ ನೀತಿ.

ಊರು ಮತ್ತು ಬಸ್ಸು

ಲೌಡನ್‌ವಿಲ್ಲಿನ ಪಾಲಿಗೆ ಈ ಸಮಾವೇಶ ಬರಿಯ ವಿನೋದವಲ್ಲ. 1970ರಲ್ಲಿ ಫ್ಲೆಕ್ಸಿಬಲ್ ಕಂಪನಿ ಹೊರಗಿನವರ ಕೈಸೇರಿತು. 1974ರಲ್ಲಿ ಓಹಿಯೋದ ಡೆಲವೇರ್ ಎಂಬ ಊರಿನಲ್ಲಿ ಹೊಸ ಕಾರ್ಖಾನೆ ತೆರೆದು, ಬಸ್ಸುಗಳ ಜೋಡಣೆ ಅಲ್ಲಿಗೆ ಹೋಯಿತು. ಹಳೆಯ ಊರಿಗೆ ಬಿಡಿಭಾಗಗಳ ಕೆಲಸ ಉಳಿಯಿತು. 1978ರಲ್ಲಿ ವಿಮಾನಗಳಿಗೆ ಹೆಸರಾದ ಗ್ರಮ್ಮನ್ ಸಂಸ್ಥೆ ಕಂಪನಿಯನ್ನು ಕೊಂಡಿತು. ಹೊಸ ಮಾದರಿಯ ನಗರ ಬಸ್ಸುಗಳ ತಳಭಾಗದಲ್ಲಿ ಬಿರುಕುಗಳು ಕಾಣಿಸಿಕೊಂಡು, 1980ರ ದಶಕದಲ್ಲಿ ನ್ಯೂಯಾರ್ಕ್ ನಗರ ತನ್ನ ಬಸ್ಸುಗಳನ್ನು ರಸ್ತೆಯಿಂದ ಹಿಂದೆಗೆದುಕೊಂಡಿತು. ಮತ್ತೆ ಮಾಲೀಕರು ಬದಲಾದರು. ಕೊನೆಗೆ 1996ರಲ್ಲಿ ಕಂಪನಿ ದಿವಾಳಿಯೆದ್ದು ಬಾಗಿಲು ಮುಚ್ಚಿತು. ಸೈರನ್ನಿನ ಕೂಗಿಗೆ ಎದ್ದು, ಸೈರನ್ನಿನ ಕೂಗಿಗೆ ಉಂಡು, ಮೂರು ತಲೆಮಾರು ಬಸ್ಸುಗಳನ್ನು ಕಟ್ಟಿದ ಊರಿನಲ್ಲಿ ಇದ್ದಕ್ಕಿದ್ದಂತೆ ಮೌನ ಕವಿಯಿತು.

ಊರಿನ ಕ್ಲಿಯೋ ರೆಡ್ ಫಿಷರ್ ವಸ್ತುಸಂಗ್ರಹಾಲಯ ಆ ಕಾಲದ ನೆನಪುಗಳನ್ನು ಜೋಪಾನ ಮಾಡಿದೆ. ಆದರೆ ಕಾರ್ಖಾನೆಯಲ್ಲಿ ದುಡಿದವರಿಗೆ ಗಾಜಿನ ಪೆಟ್ಟಿಗೆಯಲ್ಲಿನ ಚಿತ್ರವೇ ಬೇರೆ, ಬೀದಿಯಲ್ಲಿ ಉಸಿರಾಡುತ್ತ ನಿಂತ ಬಸ್ಸೇ ಬೇರೆ. ಕ್ಲಿಪ್ಪರಿನ ಕಾಲದಲ್ಲಿ ತಗಡು ಬಾಗಿಸಿ ರಿವೆಟ್ಟು ಹೊಡೆದ ಕೈಗಳಲ್ಲಿ ಇಂದು ಉಳಿದಿರುವವು ವಿರಳ. ಉಳಿದವರ ವಯಸ್ಸೂ ತೊಂಬತ್ತರ ಆಸುಪಾಸು. ಅಂಥವರೊಬ್ಬರು ಕೋಲೂರಿಕೊಂಡು ಬಂದು ಬಸ್ಸಿನ ಮೈಯನ್ನು ಅಂಗೈಯಿಂದ ಸವರಿದರೆ, ಅವರಿಗೆ ಸಿಕ್ಕುವುದು ತಮ್ಮ ಯೌವನ. ಅವರಿಂದ ಮಾಲೀಕನಿಗೆ ಸಿಕ್ಕುವುದು ಯಾವ ಪುಸ್ತಕದಲ್ಲಿಯೂ ಅಚ್ಚಾಗದ ವಿದ್ಯೆ. ಈ ಮೂಲೆಯಲ್ಲಿ ನೀರು ಏಕೆ ನಿಲ್ಲುತ್ತದೆ, ಆ ಬಾಗಿಲು ಮಳೆಗಾಲದಲ್ಲಿ ಏಕೆ ಬಿಗಿಯುತ್ತದೆ, ಯಾವ ತಿರುಪನ್ನು ಮೊದಲು ಸಡಿಲಿಸಿದರೆ ಉಳಿದವು ತಾವಾಗಿ ಬರುತ್ತವೆ—ಇವನ್ನೆಲ್ಲ ನಕ್ಷೆಗಳು ಹೇಳುವುದಿಲ್ಲ, ಕೈಗಳು ಮಾತ್ರ ಬಲ್ಲವು. ಒಂದು ಕಾರ್ಖಾನೆ ಮುಚ್ಚಿದಾಗ ಯಂತ್ರಗಳು ಹರಾಜಾಗುತ್ತವೆ, ಕಟ್ಟಡ ಬೇರೆಯವರ ಪಾಲಾಗುತ್ತದೆ; ಆದರೆ ಈ ವಿದ್ಯೆಗೆ ಬೆಲೆ ಕಟ್ಟಿ ಕೊಳ್ಳುವವರು ಯಾರೂ ಇರುವುದಿಲ್ಲ. ಅದನ್ನು ಕೇಳಿ ತಿಳಿದುಕೊಳ್ಳಲು ದೂರದ ಪ್ರಾಂತದಿಂದ ಬಂದ ಬಸ್ಸಿನ ಮಾಲೀಕನಿಗಿಂತ ತಕ್ಕ ವಾರಸುದಾರ ಇನ್ನಾರು?

ಸಮಾವೇಶದ ದಿನಗಳಲ್ಲಿ ಬಸ್ಸುಗಳ ಬಾಗಿಲು ತೆರೆದಿರುತ್ತದೆ. ಒಬ್ಬರ ಅಡಿಗೆಮನೆಯನ್ನು ಇನ್ನೊಬ್ಬರು ನೋಡಿ ಮೆಚ್ಚುತ್ತಾರೆ. ನಲವತ್ತು ವರ್ಷ ಹಿಂದೆಯೇ ಬಸ್ಸನ್ನು ಮನೆ ಮಾಡಿಕೊಂಡ ಮುದುಕ ಮುದುಕಿಯರ ಮುಂದೆ, ನಿನ್ನೆ ಮೊನ್ನೆ ತುಕ್ಕುಹಿಡಿದ ಬಸ್ಸು ಕೊಂಡ ತರುಣ ದಂಪತಿಗಳು ಕುಳಿತು ಪ್ರಶ್ನೆಗಳ ಮಳೆಗರೆಯುತ್ತಾರೆ. ತಾತಂದಿರು ಎಷ್ಟೇ ಜಾಗರೂಕತೆಯಿಂದ ಬಸ್ಸನ್ನು ಸಾಕಿದ್ದರೂ ಅವರ ಮಕ್ಕಳಿಗೆ ಆ ಆಸಕ್ತಿ ಇರಬೇಕೆಂಬ ನಿಯಮವಿಲ್ಲ. ಮುಂದೆ ಈ ಬಸ್ಸು ಯಾರ ಪಾಲಿಗೆ ಎಂಬ ಚಿಂತೆ ಹಿರಿಯ ಮಾಲೀಕರ ಮಾತಿನಲ್ಲಿ ಆಗಾಗ ಇಣುಕುವುದು ಸಹಜ. ಮಗಳಿಗೆ ವರ ನೋಡುವ ತಂದೆಯಂತೆ ಅವರು, ಬೆಲೆ ಕಡಿಮೆಯಾದರೂ ಚಿಂತೆಯಿಲ್ಲ, ಕಣ್ಣಿಟ್ಟು ನೋಡಿಕೊಳ್ಳುವ ಕೈಗೆ ಬಸ್ಸನ್ನು ಒಪ್ಪಿಸಲು ಬಯಸುತ್ತಾರೆ.

ಕೊನೆಯ ದಿನ ಹೊರಡುವ ಹೊತ್ತು. ತವರಿನಿಂದ ಹೊರಟ ಮಗಳು ಮಡಿಲಕ್ಕಿಯಿಲ್ಲದೆ ಹೋಗುವುದುಂಟೆ? ಇಲ್ಲಿಯೂ ಅದು ತಪ್ಪುವುದಿಲ್ಲ. ಒಬ್ಬರ ಉಗ್ರಾಣದಲ್ಲಿ ಹೆಚ್ಚಾಗಿ ಉಳಿದಿದ್ದ ಹಿಂದೀಪ ಇನ್ನೊಬ್ಬರ ಬಸ್ಸಿಗೆ. ಮತ್ತೊಬ್ಬರ ಕಿಟಕಿಯ ಗಾಜು ಮಗದೊಬ್ಬರ ಒಡೆದ ಕಿಟಕಿಗೆ. ಬಾಗಿಲಿನ ಹಿಡಿಯೊಂದು ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿಕೊಂಡು ದೂರದೂರಿಗೆ. ಇಂಜಿನುಗಳು ಎಚ್ಚರಗೊಳ್ಳುತ್ತವೆ; ಬೆನ್ನಮೇಲಿನ ಗಾಳಿಗೂಡುಗಳು ಓಹಿಯೋದ ಬೇಸಿಗೆಯ ಗಾಳಿಯನ್ನು ಕುಡಿಯುತ್ತವೆ. ಒಂದೊಂದಾಗಿ ಬಸ್ಸುಗಳು ಮುಖ್ಯ ಬೀದಿಯನ್ನು ದಾಟಿ, ಹೊಳೆಯ ಸೇತುವೆಯನ್ನು ದಾಟಿ, ಗುಡ್ಡದ ತಿರುವಿನಲ್ಲಿ ಮರೆಯಾಗುತ್ತವೆ.

ಅವುಗಳನ್ನು ಹೆತ್ತ ಕಾರ್ಖಾನೆ ಇಂದಿಲ್ಲ. ಆದರೂ ಅಂಗಡಿಗಳ ಮುಂದೆ ನಿಂತ ಊರಿನ ಜನ ಕೈಬೀಸುತ್ತಾರೆ. ಇನ್ನೆರಡು ವರ್ಷಕ್ಕೆ ಮತ್ತೆ ಬನ್ನಿರೆಂದು ಕೂಗುತ್ತಾರೆ. ತಾಯಿ ಇಲ್ಲದ ಮೇಲೂ ತವರು ತವರಾಗಿ ಉಳಿಯುವುದು ಹೀಗೆಯೇ: ಬಾಗಿಲಲ್ಲಿ ನಿಂತು ಬನ್ನಿರೆನ್ನುವವರು ಯಾರಾದರೂ ಇರುವ ತನಕ.